ಈಸ್ಟರ್ ಊಟ: ಒಂದು ಕಡೆ ಮಾವನ ಶುಗರ್, ಇನ್ನೊಂದು ಕಡೆ ಅತ್ತೆಯ ಪೋರ್ಕ್ ಬಫತ್. ಹೇಗೆ ನಿಭಾಯಿಸಲಿ?

ಕುಲಶೇಖರದ ಸೊಸೆ · ಮಾರ್ಚ್ 16, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾವಿರುವುದು ಬೆಂಗಳೂರಿನಲ್ಲಿ. ಗಂಡನ ಮನೆ ಮಂಗಳೂರಿನ ಕುಲಶೇಖರ. ಈ ಸಲ ಈಸ್ಟರ್ ಏಪ್ರಿಲ್ 5ಕ್ಕೆ, ಗುರುವಾರವೇ ಊರಿಗೆ ಹೊರಡುತ್ತೇವೆ. ಮಾವನಿಗೆ 71. ಶುಗರ್ ಬಂದು ಹನ್ನೆರಡು ವರ್ಷ, ಜೊತೆಗೆ ಬಿಪಿ.

ಕಳೆದ ವರ್ಷದ ಕಥೆ ಕೇಳಿ. ಗುಡ್ ಫ್ರೈಡೇ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದರು. ಆಮೇಲೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಶಿಲುಬೆ ಹಾದಿಯ (ಯೇಸುವಿನ ಕೊನೆಯ ಪಯಣ ನೆನೆದು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಮಾಡುವ ಪ್ರಾರ್ಥನೆ) ಏಳನೇ ಸ್ಥಳಕ್ಕೆ ಬರುವಷ್ಟರಲ್ಲಿ ಬೆವರಿ, ಕೈ ನಡುಗಿ, ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟರು. ಎರಡೇ ದಿನ ಕಳೆದು ಈಸ್ಟರ್. ಪೋರ್ಕ್ ಬಫತ್ (ಮಂಗಳೂರಿನ ಖಾರದ ಹಂದಿ ಮಾಂಸದ ಪದಾರ್ಥ), ಚಿಕನ್ ಸುಕ್ಕ, ಮಟನ್ ಬಿರಿಯಾನಿ, ಸನ್ನ (ಇಡ್ಲಿಯಂಥದ್ದು), ಕ್ಯಾರಮೆಲ್ ಪುಡ್ಡಿಂಗ್, ಆಮೇಲೆ ಬೇಕರಿಯ ಮಾರ್ಜಿಪಾನ್ ಮೊಟ್ಟೆ (ಮೊಟ್ಟೆ ಆಕಾರದ ಮಿಠಾಯಿ). ಒಂಬತ್ತು ಜನಕ್ಕೆ ನಾಲ್ಕು ಕಿಲೋ ಪೋರ್ಕ್! ಸೋಮವಾರ ಬೆಳಿಗ್ಗೆ ಮೀಟರ್‌ನಲ್ಲಿ 387. ಹಬ್ಬದ ಮರುದಿನವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದೆವು.

ನಾನು ಬಾಯಿ ಬಿಟ್ಟರೆ ಅತ್ತೆಗೆ ಸಿಟ್ಟು. "ನಲವತ್ತು ದಿನ ಬಾಯಿ ಕಟ್ಟಿದ ಮನುಷ್ಯ, ಒಂದು ದಿನ ತಿನ್ನಬಾರದಾ?" ಅಂತಾರೆ. ಹೋದ ಸಲ ಸಲಾಡ್ ಮಾಡಿಟ್ಟೆ. "ಇದೇನು, ಮೊಲ ಸಾಕಿದ್ದೀಯಾ?" ಅಂದರು. ನನ್ನ ಇಬ್ಬರು ಮಕ್ಕಳು, 6 ಮತ್ತು 9, ಬೆಳಿಗ್ಗೆಯಿಂದ ಬರೀ ಚಾಕಲೇಟ್.

ಹಬ್ಬವೂ ಆಗಬೇಕು, ಸೋಮವಾರ ಆಸ್ಪತ್ರೆಯೂ ಬೇಡ. ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ?

ದುಕ್ರಾಮಾಸ್ ದೊರೆ · ಮಾರ್ಚ್ 16, ರಾತ್ರಿ 9:52

ನಾನು ನಿಮ್ಮ ಅತ್ತೆಯ ಪಾರ್ಟಿ. ವರ್ಷಕ್ಕೊಂದು ದಿನ ಮಾರಾಯ್ರೆ. ತಿನ್ನಲಿ ಬಿಡಿ.

ಸಿಸ್ಟರ್ ಅಲ್ಲದ ಸಿಸ್ಟರ್ · ಮಾರ್ಚ್ 16, ರಾತ್ರಿ 10:15

ನಾನು ನರ್ಸ್. ಸನ್ಯಾಸಿನಿ ಅಲ್ಲ, ಅದಕ್ಕೇ ಈ ಹೆಸರು.

ಎಲ್ಲರೂ ಭಾನುವಾರದ ಊಟ ಹಿಡಿದುಕೊಂಡು ಜಗಳ ಆಡುತ್ತೀರಿ. ನನಗೆ ಭಯ ಆಗಿದ್ದು ಶುಕ್ರವಾರದ ಬೆವರು ಓದಿ. ಅದು ಭಕ್ತಿಯ ಬೆವರಲ್ಲ, ಶುಗರ್ ಲೋ ಆದಾಗ ಬರುವ ಬೆವರಿನ ಹಾಗಿದೆ. ಕೆಲವು ಶುಗರ್ ಮಾತ್ರೆ, ಇನ್ಸುಲಿನ್ ತಗೊಂಡು ಊಟ ಬಿಟ್ಟರೆ ಹೀಗಾಗುತ್ತದೆ. 387 ಇದ್ದರೆ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸಮಯ ಸಿಗುತ್ತದೆ. ತುಂಬಾ ಲೋ ಆದರೆ ಅಷ್ಟು ಸಮಯವೂ ಸಿಗುವುದಿಲ್ಲ.

ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ, ಯಾವ ಮಾತ್ರೆ, ಆ ದಿನ ಹೇಗೆ ತಗೋಬೇಕು ಅಂತ ಕೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮೀಟರ್ ನೋಡಿ. ಇನ್ನೂ ಕಮ್ಮಿ ಇದ್ದರೆ ಮತ್ತೆ ಅಷ್ಟೇ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಓಡಬೇಕು.

ಹಳೇ ಆಲ್ತಾರ್ ಬಾಯ್ · ಮಾರ್ಚ್ 16, ರಾತ್ರಿ 10:31

ಇನ್ನೊಂದು ವಿಷಯ. 71ರವರಿಗೆ ಉಪವಾಸದ ಕಟ್ಟೇ ಇಲ್ಲ! ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಉಪವಾಸ ಇರುವುದು 18 ತುಂಬಿದವರಿಗೆ, ಅದೂ 59 ತುಂಬುವವರೆಗೆ. ದಿನಗಳೂ ಎರಡೇ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅವತ್ತು ಕೂಡ ಒಂದು ಪೂರ್ತಿ ಊಟ ಮಾಡಬಹುದು, ಜೊತೆಗೆ ಎರಡು ಸಣ್ಣ ಫಲಾಹಾರ. ಹಸಿದು ಬೀಳಬೇಕು ಅಂತ ಯಾರೂ ಹೇಳಿಲ್ಲ. ಕಾಯಿಲೆ ಇದ್ದವರಿಗೆ ಅದೂ ಇಲ್ಲ.

ಕುಲಶೇಖರದ ಸೊಸೆ · ಮಾರ್ಚ್ 16, ರಾತ್ರಿ 10:44

ನಾನು ಹೇಳಿದರೆ ನಂಬುತ್ತಾರಾ? "ನಿನಗೇನು ಗೊತ್ತು" ಅಂತಾರೆ.

ಹಳೇ ಆಲ್ತಾರ್ ಬಾಯ್ · ಮಾರ್ಚ್ 16, ರಾತ್ರಿ 10:46

ನೀವು ಹೇಳಬೇಡಿ. ನಿಮ್ಮ ಚರ್ಚಿನ ಪಾದ್ರಿಗಳ ಬಾಯಲ್ಲಿ ಹೇಳಿಸಿ. ಡಾಕ್ಟರ್ ಮಾತು ಮೀರುವವರೂ ಪಾದ್ರಿ ಮಾತು ಮೀರಲ್ಲ.

ಹಳೇ ಬಾಣಲೆ · ಮಾರ್ಚ್ 17, ಬೆಳಿಗ್ಗೆ 6:20

ದೊರೆಗಳೇ, "ವರ್ಷಕ್ಕೊಂದು ದಿನ" ಅಂದಿರಲ್ಲ, ಲೆಕ್ಕ ಹಾಕೋಣ.

ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಆ ನಲವತ್ತು ದಿನ, ನಮ್ಮಲ್ಲಿ ಮದುವೆ ಇಡುವುದಿಲ್ಲ. ಹಾಗಾಗಿ ಎಲ್ಲ ಮದುವೆಯೂ ಈಸ್ಟರ್ ಆದ ಕೂಡಲೇ. ಮದುವೆ ಅಂದರೆ ಮೊದಲು ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಆಮೇಲೆ ಮದುವೆ ಊಟ, ಆಮೇಲೆ ಹೆಣ್ಣಿನ ಕಡೆ ಕರೆಯುವುದು. ನಡುವೆ ಮಕ್ಕಳ ಮೊದಲ ಪರಮಪ್ರಸಾದ. ಗಲ್ಫಿನವರು ರಜಕ್ಕೆ ಬರುವುದೂ ಇದೇ ಹೊತ್ತಿಗೆ. ಹೋದ ವರ್ಷ ಏಪ್ರಿಲ್ 20ರ ಈಸ್ಟರಿನಿಂದ ಮೇ ಕೊನೆವರೆಗೆ ನಾನು ಹನ್ನೊಂದು ಕಡೆ ಪೋರ್ಕ್ ತಿಂದಿದ್ದೇನೆ. ಎಣಿಸಿ ಹೇಳುತ್ತಿದ್ದೇನೆ. ಈಸ್ಟರ್ ಒಂದು ದಿನ ಅಲ್ಲ ಸ್ವಾಮಿ, ಬಾಗಿಲು. ತೆರೆದರೆ ಮಳೆಗಾಲ ಬರುವವರೆಗೆ ಮುಚ್ಚಲ್ಲ.

ದುಕ್ರಾಮಾಸ್ ದೊರೆ · ಮಾರ್ಚ್ 17, ಬೆಳಿಗ್ಗೆ 8:05

ಹನ್ನೊಂದಾ? ನನ್ನದು ಹದಿನಾಲ್ಕು. ಸೋತೆ ಅಂತ ಒಪ್ಪಿಕೊಳ್ಳಲಾ, ಗೆದ್ದೆ ಅಂತ ಹೇಳಲಾ ಗೊತ್ತಾಗ್ತಿಲ್ಲ.

ಕನಕಪುರದ ಕಡೆಯವ · ಮಾರ್ಚ್ 17, ಬೆಳಿಗ್ಗೆ 9:30

ಕ್ರೈಸ್ತರು ಅಂದರೆ ಬರೀ ಮಂಗಳೂರಿನವರು ಅಂದುಕೊಂಡಿದ್ದೀರಾ ಎಲ್ಲರೂ? ನಾವೂ ಇದ್ದೇವೆ, ಮನೆಮಾತೇ ಕನ್ನಡ. ಶುಭ ಶುಕ್ರವಾರ ನಮ್ಮಲ್ಲಿ ಉಪ್ಸಾರು, ಮುದ್ದೆ. ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮಟನ್ ಸಾರು, ಅದಕ್ಕೂ ಮುದ್ದೆ. ಪೋರ್ಕ್ ಗೀರ್ಕ್ ನಮ್ಮ ಅಜ್ಜಿ ಮನೆಯಲ್ಲಿ ಇರಲೇ ಇಲ್ಲ. ತಿಂದಾದ ಮೇಲೆ ಹೊಲದ ಕಡೆ ಒಂದು ಸುತ್ತು. ಅಜ್ಜನಿಗೆ 88, ಯಾವ ಮೀಟರೂ ನೋಡಿಲ್ಲ.

ಸಿಸ್ಟರ್ ಅಲ್ಲದ ಸಿಸ್ಟರ್ · ಮಾರ್ಚ್ 17, ಬೆಳಿಗ್ಗೆ 9:41

ಮೀಟರ್ ನೋಡಿಲ್ಲ ಅಂದರೆ ಶುಗರ್ ಇಲ್ಲ ಅಂತಲ್ಲ, ಅಣ್ಣ. ಒಮ್ಮೆ ನೋಡಿಸಿ. ಮುದ್ದೆಯಲ್ಲಿ ನಾರು ಜಾಸ್ತಿ, ನಿಜ. ಆದರೆ ಅದೂ ಹಿಟ್ಟೇ. ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರುತ್ತದೆ.

ಹೊಲದ ಸುತ್ತು ಮಾತ್ರ ಚಿನ್ನದಂಥ ಮಾತು. ಊಟ ಆಗಿ 15-20 ನಿಮಿಷ ನಿಧಾನಕ್ಕೆ ನಡೆದರೂ ಊಟದ ನಂತರದ ಶುಗರ್ ಏರಿಕೆ ಕಮ್ಮಿ ಆಗುತ್ತದೆ.

ಕುವೈತ್ ನೈಟ್ ಶಿಫ್ಟ್ · ಮಾರ್ಚ್ 17, ಬೆಳಿಗ್ಗೆ 10:10

ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಮಂಗಳೂರಿನಲ್ಲಿ ನಡೆಯೋದಾ? ಬಫತ್‌ನಿಂದ ಬದುಕಿದವರು ಸೆಖೆಗೆ ಹೋಗ್ತಾರೆ 😄

ಸಿಸ್ಟರ್ ಅಲ್ಲದ ಸಿಸ್ಟರ್ · ಮಾರ್ಚ್ 17, ಬೆಳಿಗ್ಗೆ 10:14

ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಲಿ. ಫೋನಿನಲ್ಲಿ ಎಲ್ಲರಿಗೂ ಹಬ್ಬದ ಶುಭಾಶಯ ಹೇಳುತ್ತಾ ನಡೆದರೆ 20 ನಿಮಿಷ ಸಾಕಾಗಲ್ಲ.

ಹಳೇ ಬಾಣಲೆ · ಮಾರ್ಚ್ 17, ಬೆಳಿಗ್ಗೆ 11:00

ಸೊಸೆಯವರೇ, ಈಗ ನಿಮ್ಮ ಅಡುಗೆಗೆ ಬರೋಣ. ನಲವತ್ತು ವರ್ಷ ಬಫತ್ ಮಾಡಿದ ಕೈ ಇದು.

ಪೋರ್ಕ್ ಭಾನುವಾರ ಬೆಳಿಗ್ಗೆ ಮಾಡಬೇಡಿ. ಶನಿವಾರ ಮಧ್ಯಾಹ್ನವೇ ಮಾಡಿ. ಆರಿದ ಕೂಡಲೇ ಪಾತ್ರೆ ಸಮೇತ ಫ್ರಿಜ್ಜಿಗೆ. ಪಾತ್ರೆ ದೊಡ್ಡದಾದರೆ ಎರಡು ಮೂರು ಡಬ್ಬಕ್ಕೆ ಹಂಚಿ, ಇಲ್ಲದಿದ್ದರೆ ಒಳಗೆ ತಣ್ಣಗಾಗಲ್ಲ. ರಾತ್ರಿ ಪಾಸ್ಖ ಜಾಗರಣೆಯ ಪೂಜೆ ಮುಗಿಸಿ ಬಂದು ಮಲಗಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಬೆಳ್ಳಗೆ ಒಂದು ಪದರ ಕೂತಿರುತ್ತದೆ. ಬೆರಳಿನಿಂದ ತಟ್ಟಿದರೆ ಟಕ್ ಟಕ್ ಅನ್ನಬೇಕು. ಸೌಟಿನ ಅಂಚು ಹಾಕಿ ಎಬ್ಬಿಸಿ, ಹೆಂಚು ಎಬ್ಬಿಸಿದ ಹಾಗೆ ತುಂಡು ತುಂಡಾಗಿ ಬರುತ್ತದೆ. ಅದರ ಕೆಳಗೆ ಕೆಂಪು ಮಸಾಲೆ ಜೆಲ್ಲಿಯ ಹಾಗೆ ನಿಂತಿರುತ್ತದೆ. ನಾನು ನಾಲ್ಕು ಕಿಲೋಗೆ ಒಂದು ದೊಡ್ಡ ಲೋಟದ ತುಂಬ ಕೊಬ್ಬು ತೆಗೆದಿದ್ದೇನೆ. ಬಫತ್ ಹೇಗೂ ಮರುದಿನವೇ ರುಚಿ. ವಿನೆಗರ್ ಹಿಡಿಯಬೇಕಲ್ವಾ. ನಿಮ್ಮ ಅತ್ತೆಗೆ "ಆರೋಗ್ಯಕ್ಕೆ" ಅನ್ನಬೇಡಿ, "ರುಚಿಗೆ" ಅನ್ನಿ.

ಸಲಾಡ್ ಇಟ್ಟಿದ್ದು ನಿಮ್ಮದೇ ತಪ್ಪು. ಹಬ್ಬದ ಮೇಜಿನ ಮೇಲೆ ಹಸಿ ಸೌತೆಕಾಯಿ ಚಕ್ರ ಇಟ್ಟರೆ ಯಾವ ಅತ್ತೆಗೂ ಅವಮಾನವೇ. ತೆಂಡ್ಲಿ-ಬಿಬ್ಬೆ ಮಾಡಿ. ತೊಂಡೆಕಾಯಿ, ಎಳೆ ಗೋಡಂಬಿ. ಹಸಿ ಬಿಬ್ಬೆ ಸಿಗುವುದೇ ಈ ಸೀಸನ್ನಿನಲ್ಲಿ. ಮದುವೆ ಊಟದ ಪಲ್ಯ ಅದು, ಯಾರೂ ಮೊಲ ಅನ್ನಲ್ಲ. ಅದನ್ನು ಎರಡು ಕಿಲೋ ಮಾಡಿ, ಪೋರ್ಕ್ ಎರಡೂವರೆಗೆ ಇಳಿಸಿ.

ದುಕ್ರಾಮಾಸ್ ದೊರೆ · ಮಾರ್ಚ್ 17, ಬೆಳಿಗ್ಗೆ 11:12

ಕೊಬ್ಬು ತೆಗೆದ ಬಫತ್ ಬಫತ್ತೇ ಅಲ್ಲ. ಅದು ಸಾರು. ಆದರೆ ಟಕ್ ಟಕ್ ಓದಿ ಬಾಯಲ್ಲಿ ನೀರು ಬಂತು, ಅದು ಬೇರೆ ಮಾತು.

ಕುವೈತ್ ನೈಟ್ ಶಿಫ್ಟ್ · ಮಾರ್ಚ್ 17, ಬೆಳಿಗ್ಗೆ 11:20

ಆ ಲೋಟದ ಕೊಬ್ಬು ಏನು ಮಾಡಿದಿರಿ? ನಿಜ ಹೇಳಿ.

ಹಳೇ ಬಾಣಲೆ · ಮಾರ್ಚ್ 17, ಬೆಳಿಗ್ಗೆ 11:24

ಮುಂದಿನ ಪ್ರಶ್ನೆ.

ಬೆಟಗೇರಿ ಹುಡುಗಿ · ಮಾರ್ಚ್ 17, ಮಧ್ಯಾಹ್ನ 1:15

ನಮ್ಮದು ಬಾಸೆಲ್ ಮಿಷನ್ (ಪ್ರೊಟೆಸ್ಟೆಂಟ್) ಮನೆತನರೀ. ಮಿಷನ್ನಿನವರು 1834ರಾಗ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಬಂದವರು. ನಮ್ಮಲ್ಲಿ ಈಸ್ಟರ್ ದಿನ ನಸುಕಿನಾಗ ಆರಾಧನೆ. ಮನೆಗೆ ಬಂದು ಎಲ್ಲರೂ ಕೂಡಿ ನಾಷ್ಟಾ. ಅದೇ ದೊಡ್ಡ ಊಟ. ಬೇಯಿಸಿದ ತತ್ತಿ, ಉಪ್ಪಿಟ್ಟು, ಕಲ್ಲಂಗಡಿ. ಮಧ್ಯಾಹ್ನ ಚಿಕನ್ ಸಾರು, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಸಂಜೆ ಯಾರೂ ಅಡುಗೆ ಮನೆಗೆ ಹೋಗಂಗಿಲ್ಲ ಅಂತ ನಮ್ಮ ಅವ್ವ ರೂಲ್ ಮಾಡ್ಯಾಳ.

ಬೆಳಿಗ್ಗೆ ಹೊಟ್ಟೆ ತುಂಬ ತಿಂದರೆ ಮಧ್ಯಾಹ್ನ ಯಾರೂ ಹಸಿದ ತೋಳದ ಹಾಗೆ ಬೀಳುವುದಿಲ್ಲ. ಮಂಗಳೂರಿನವರು ಬೆಳಿಗ್ಗೆ ಪೂಜೆ, ಕಾಫಿ, ಆಮೇಲೆ ಎರಡೂವರೆಗೆ ಊಟ ಮಾಡ್ತಾರಲ್ಲ, ಅಲ್ಲೇ ಕೆಡುವುದು.

ಹಳೇ ಬಾಣಲೆ · ಮಾರ್ಚ್ 17, ಮಧ್ಯಾಹ್ನ 1:40

"ಸಂಜೆ ಯಾರೂ ಅಡುಗೆ ಮನೆಗೆ ಹೋಗಂಗಿಲ್ಲ". ಇದನ್ನು ಫ್ರೇಮ್ ಹಾಕಿಸಿ. ಹಬ್ಬದಲ್ಲಿ ಯಾರ ಆರೋಗ್ಯ ನೋಡುತ್ತಿದ್ದೇವೆ? ತಿನ್ನುವವರದ್ದು ಮಾತ್ರ. ನಾನು ಒಂದು ಈಸ್ಟರಿಗೆ 120 ಸನ್ನ ಬೇಯಿಸಿ, ಎಲ್ಲರೂ ತಿಂದಾದ ಮೇಲೆ ಸ್ಟೂಲ್ ಮೇಲೆ ಕೂತು ಒಣಗಿದ ಸನ್ನ, ತಳದ ರಸ ತಿಂದೆ. ಆ ದಿನ ನನ್ನ ಬಿಪಿ ನೋಡಿದವರು ಯಾರೂ ಇಲ್ಲ.

ಕುಲಶೇಖರದ ಸೊಸೆ · ಮಾರ್ಚ್ 17, ಮಧ್ಯಾಹ್ನ 2:02

ಅತ್ತೆಯೂ ಹೀಗೇ ಮಾಡುತ್ತಾರೆ. ಕೊನೆಗೆ, ನಿಂತುಕೊಂಡೇ ತಿನ್ನುತ್ತಾರೆ. ನೀವು ಹೇಳಿದ ಮೇಲೆ ಹೊಳೀತು.

ಬೆಳ್ತಂಗಡಿ ಚೇಟನ್ · ಮಾರ್ಚ್ 17, ಸಂಜೆ 5:30

ನಮ್ಮ ಅಪ್ಪಚ್ಚನ ಕಾಲದಲ್ಲಿ ಕೇರಳದಿಂದ ಇಲ್ಲಿಗೆ ಬಂದು ರಬ್ಬರ್ ಹಾಕಿದವರು ನಾವು. ನಮ್ಮಲ್ಲಿ ದೊಡ್ಡದು ಗುರುವಾರ ರಾತ್ರಿ. ಹುಳಿ ಬರಿಸದ ಪೆಸಹಾ ಅಪ್ಪ, ಬೆಲ್ಲ ಮತ್ತು ತೆಂಗಿನ ಹಾಲಿನ ಪಾಲ್. ಮನೆಯ ಹಿರಿಯರು ಮುರಿದು ಒಂದೊಂದೇ ತುಂಡು ಎಲ್ಲರ ಕೈಗೆ ಕೊಡುತ್ತಾರೆ. ಒಂದೇ ತುಂಡು! ಎರಡನೇ ಸಲ ಕೇಳುವ ಧೈರ್ಯ ಯಾರಿಗೂ ಇಲ್ಲ.

ನೀವೂ ಆ ಮಾರ್ಜಿಪಾನ್ ಮೊಟ್ಟೆಯನ್ನು ಹೀಗೆ ಯಾಕೆ ಮಾಡಬಾರದು? ತಲೆಗೊಂದು ಬೇಡ. ಮನೆಗೊಂದು ದೊಡ್ಡದು ತಂದು, ನಿಮ್ಮ ಮಾವನ ಕೈಯಲ್ಲೇ ಒಡೆಸಿ, ಹಂಚಿಸಿ. ಹಂಚುವವನು ತಾನೇ ದೊಡ್ಡ ತುಂಡು ತಗೊಳ್ಳಲ್ಲ, ನಾಚಿಕೆ ಆಗುತ್ತದೆ.

ಸಿಸ್ಟರ್ ಅಲ್ಲದ ಸಿಸ್ಟರ್ · ಮಾರ್ಚ್ 17, ಸಂಜೆ 5:48

ಸೂಪರ್. ನಮ್ಮಲ್ಲಿ ಮಾರ್ಜಿಪಾನ್ ಅಂದರೆ ಬಾದಾಮಿ ಅಲ್ಲ, ಗೋಡಂಬಿ. ಮನೆಯಲ್ಲಿ ಮಾಡಿದವರಿಗೆ ಗೊತ್ತು, ಗೋಡಂಬಿ ಎಷ್ಟೋ ಸಕ್ಕರೆಯೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ 100 ಗ್ರಾಂ ಮೊಟ್ಟೆಯಲ್ಲಿ ಸುಮಾರು 50 ಗ್ರಾಂ ಸಕ್ಕರೆ, ಮೇಲಿನ ಐಸಿಂಗ್ ಹೂವು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೂ ಇಡೀ ದಿನಕ್ಕೆ ಹೇಳುವ ಮಿತಿ ಹತ್ತಿರ ಹತ್ತಿರ ಅಷ್ಟೇ. 6 ವರ್ಷದ ಮಗುವಿಗೆ ಇನ್ನೂ ಕಮ್ಮಿ.

ಪಕ್ಕದ್ಮನೆ ಭಟ್ರು · ಮಾರ್ಚ್ 17, ಸಂಜೆ 6:10

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಪಕ್ಕದ ಮನೆಯವರು ಪ್ರತಿ ವರ್ಷ ನಮಗಂತಲೇ ಮೊಟ್ಟೆ ಹಾಕದ ಮೊಟ್ಟೆ ಕೊಡುತ್ತಾರೆ. ಒಂದು ಸಂಶಯ: ಈ ಹಬ್ಬ ಒಂದೊಂದು ವರ್ಷ ಒಂದೊಂದು ದಿನ ಯಾಕೆ ಬರುತ್ತದೆ? ನಿಮ್ಮದೂ ಪಂಚಾಂಗವಾ?

ಹಳೇ ಆಲ್ತಾರ್ ಬಾಯ್ · ಮಾರ್ಚ್ 17, ಸಂಜೆ 6:25

ಹೌದು ಭಟ್ರೇ, ಹುಣ್ಣಿಮೆ ಲೆಕ್ಕವೇ. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ, ಅದು ಕಳೆದು ಬರುವ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗಲಾದರೂ ಬರಬಹುದು. ಮುಂದಿನ ವರ್ಷ ಮಾರ್ಚ್ 28ಕ್ಕೇ ಬಂತು.

ಪಕ್ಕದ್ಮನೆ ಭಟ್ರು · ಮಾರ್ಚ್ 17, ಸಂಜೆ 6:27

ಹಾಗಾದರೆ ನಮ್ಮವರೇ ನೀವು.

ಟಾಮಿಯ ಅಮ್ಮ · ಮಾರ್ಚ್ 17, ರಾತ್ರಿ 8:00

ಮಕ್ಕಳ ಚಾಕಲೇಟ್ ಬಗ್ಗೆ ಯಾರೂ ಹೇಳಿಲ್ಲ. ಎರಡು ವರ್ಷದ ಹಿಂದೆ ನಾವು ತೋಟದಲ್ಲಿ ಮೊಟ್ಟೆ ಹುಡುಕುವ ಆಟ ಇಟ್ಟೆವು. ಚಾಕಲೇಟ್ ಕರಗುವುದು ಸುಮಾರು 34 ಡಿಗ್ರಿಗೆ. ಮಂಗಳೂರಿನ ಬಿಸಿಲಿಗೆ ಅದೇನು ದೊಡ್ಡದಾ? ಹತ್ತು ಗಂಟೆಗೆ ಎಲ್ಲ ಪಾಯಸ. ಮೇಲೆ ಕೆಂಪು ಇರುವೆ. ಅದರಲ್ಲಿ ನಾಲ್ಕು ನಮ್ಮ ಟಾಮಿ ತಿಂದ. ನಾಯಿಗೆ ಚಾಕಲೇಟ್ ವಿಷ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಕಪ್ಪು ಚಾಕಲೇಟ್ ಆದರೆ ಇನ್ನೂ ಕೆಟ್ಟದ್ದು. ಒಣದ್ರಾಕ್ಷಿ ಹಾಕಿದ ಬನ್ನು ಕೂಡ ಕೊಡಬಾರದು. ಬದುಕಿದ, ಪುಣ್ಯ.

ಈಗ ಬೇಯಿಸಿದ ಮೊಟ್ಟೆಗೇ ಬಣ್ಣ. ಈರುಳ್ಳಿ ಸಿಪ್ಪೆ ಎರಡು ಹಿಡಿ, ಸ್ವಲ್ಪ ವಿನೆಗರ್, ಅದರಲ್ಲೇ ಮೊಟ್ಟೆ ಬೇಯಿಸಿದರೆ ಇಟ್ಟಿಗೆ ಕೆಂಪು. ಅರಿಶಿನಕ್ಕೆ ಹಳದಿ. ಬೀಟ್‌ರೂಟಿಗೆ ಗುಲಾಬಿ, ಆದರೆ ಕೈಗೂ ಗುಲಾಬಿ. ಕೊತ್ತಂಬರಿ ಎಲೆ ಅಂಟಿಸಿ ಹಳೇ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಬೇಯಿಸಿದರೆ ಎಲೆಯ ಅಚ್ಚು ಬೆಳ್ಳಗೆ ಉಳಿಯುತ್ತದೆ. ಮಕ್ಕಳು ಅದನ್ನು ಬಿಚ್ಚುವಾಗ ಉಸಿರು ಬಿಗಿಹಿಡಿದು ನೋಡುತ್ತಾರೆ.

ಸಿಸ್ಟರ್ ಅಲ್ಲದ ಸಿಸ್ಟರ್ · ಮಾರ್ಚ್ 17, ರಾತ್ರಿ 8:12

ಬೇಯಿಸಿದ ಮೊಟ್ಟೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ, ಈ ಸೆಖೆಗೆ ಇನ್ನೂ ಬೇಗ ಫ್ರಿಜ್ಜಿಗೆ ಹಾಕಿ. ಹುಡುಕುವ ಆಟಕ್ಕೆ ಮನೆಯೊಳಗೇ ಜಾಗ ಸಾಕು.

ಕುವೈತ್ ನೈಟ್ ಶಿಫ್ಟ್ · ಮಾರ್ಚ್ 17, ರಾತ್ರಿ 8:30

ಸನ್ನಕ್ಕೆ ಯಾರಾದರೂ ರಾಗಿ ಹಾಕಿ ನೋಡಿದ್ದೀರಾ? ನನ್ನ ಹೆಂಡತಿ ಇಂಟರ್ನೆಟ್ ನೋಡಿ ಮಾಡಿದಳು.

ದುಕ್ರಾಮಾಸ್ ದೊರೆ · ಮಾರ್ಚ್ 17, ರಾತ್ರಿ 8:31

ಅಡ್ಮಿನ್, ಇವರನ್ನು ಹೊರಗೆ ಹಾಕಿ.

ಹಳೇ ಬಾಣಲೆ · ಮಾರ್ಚ್ 17, ರಾತ್ರಿ 8:36

ರಾಗಿ ಹಾಕಿದರೆ ಅದು ಕಂದು ಇಡ್ಲಿ. ಸನ್ನ ಅಂದರೆ ಶೇಂದಿಯಲ್ಲಿ ಉಬ್ಬಿದ ಅಕ್ಕಿ, ಉದ್ದು. ಶೇಂದಿ ಸಿಗದಿದ್ದರೆ ಈಸ್ಟ್. ಬದಲಾಯಿಸಬೇಡಿ, ಎಣಿಸಿ. ಗಂಡಸರು ಎಣಿಸುವುದಿಲ್ಲ, ಅದೇ ಸಮಸ್ಯೆ. ಮಧ್ಯದಲ್ಲಿ ದೊಡ್ಡ ಬುಟ್ಟಿ ಇಡಬೇಡಿ. ತಟ್ಟೆಗೆ ಎರಡು ಹಾಕಿ, ಬುಟ್ಟಿ ಒಳಗೆ ಇಟ್ಟುಬಿಡಿ. ಎದ್ದು ಹೋಗಿ ತರಬೇಕು ಅಂದರೆ ಅರ್ಧ ಜನಕ್ಕೆ ಹೊಟ್ಟೆ ತುಂಬಿರುತ್ತದೆ.

ಸಿಸ್ಟರ್ ಅಲ್ಲದ ಸಿಸ್ಟರ್ · ಮಾರ್ಚ್ 17, ರಾತ್ರಿ 8:50

ಮತ್ತು ಬಿರಿಯಾನಿಯೋ ಸನ್ನವೋ, ಒಂದೇ. ಎರಡೂ ಅಕ್ಕಿ. ಮೊದಲು ತೆಂಡ್ಲಿ, ಚಿಕನ್ ತಿಂದು, ಆಮೇಲೆ ಸನ್ನಕ್ಕೆ ಕೈ ಹಾಕಿದರೆ ಶುಗರ್ ಅಷ್ಟು ಬೇಗ ಹಾರುವುದಿಲ್ಲ. ಜ್ಯೂಸ್, ಕೋಲಾ ಬದಲು ಸಕ್ಕರೆ ಹಾಕದ ಪುನರ್ಪುಳಿ (ಕೋಕಂ) ನೀರು, ಚಿಟಿಕೆ ಉಪ್ಪು. ಚಿಟಿಕೆ ಅಂದರೆ ಚಿಟಿಕೆಯೇ, ಬಿಪಿ ಇದೆ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಒಂದು ಟೀ ಚಮಚ. ಉಪ್ಪಿನಕಾಯಿ, ಒಣಮೀನು ಚಟ್ನಿ ಎಲ್ಲ ಅದರಲ್ಲೇ ಸೇರಬೇಕು.

ಕನಕಪುರದ ಕಡೆಯವ · ಮಾರ್ಚ್ 17, ರಾತ್ರಿ 9:15

ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟಿದ್ದೇವೆ ಅಂತ ಅಂಜಲ್ ಫ್ರೈ ತಿನ್ನುವವರ ಬಗ್ಗೆಯೂ ಯಾರಾದರೂ ಮಾತಾಡಿ.

ದುಕ್ರಾಮಾಸ್ ದೊರೆ · ಮಾರ್ಚ್ 17, ರಾತ್ರಿ 9:16

ಮೀನು ನಿಯಮದಲ್ಲಿ ಇದೆ. ಸುಮ್ನೆ ಇರಿ.

ಕುಲಶೇಖರದ ಸೊಸೆ · ಏಪ್ರಿಲ್ 7, ರಾತ್ರಿ 10:20

ವಾಪಸ್ ಬಂದೆವು. ಕೇಳಿದವರಿಗೆ ವರದಿ.

ಗಂಡ ಪಾದ್ರಿಗಳ ಹತ್ತಿರ ಮೊದಲೇ ಮಾತಾಡಿದ್ದರು. ಗುರುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು ಮಾವನ ಭುಜ ಹಿಡಿದು, "ನೀವು ನಾಳೆ ಬೆಳಿಗ್ಗೆ ಗಂಜಿ ಕುಡಿದೇ ಬರಬೇಕು, ಇದು ನನ್ನ ಆಜ್ಞೆ" ಅಂದರು. ಮಾವ ಗಂಜಿ ಕುಡಿದರು. ಡಾಕ್ಟರ್ ಹೇಳಿದ ಹಾಗೆ ಮಾತ್ರೆ ತಗೊಂಡರು. ಹದಿನಾಲ್ಕೂ ಸ್ಥಳ ನಡೆದರು. ಸಕ್ಕರೆ ಪೊಟ್ಟಣ ಮುಟ್ಟಲಿಲ್ಲ.

ಬಫತ್ ಶನಿವಾರವೇ ಮಾಡಿಸಿದೆ, "ರುಚಿಗೆ" ಅಂತ. ಬೆಳಿಗ್ಗೆ ಅತ್ತೆಯೇ ಕೊಬ್ಬಿನ ಪದರ ತಟ್ಟಿ ನೋಡಿದರು. ತುಂಬ ಹೊತ್ತು ಸುಮ್ಮನಿದ್ದು, "ಇಷ್ಟು ಒಳಗೆ ಹೋಗ್ತಿತ್ತಾ?" ಅಂದರು. ಪೋರ್ಕ್ ಮೂರು ಕಿಲೋ, ಎರಡೂವರೆಗೆ ಒಪ್ಪಲಿಲ್ಲ. ತೆಂಡ್ಲಿ-ಬಿಬ್ಬೆ ಮೊದಲು ಖಾಲಿ. ಬಿರಿಯಾನಿ ಮಾಡಲಿಲ್ಲ. ಮೊಟ್ಟೆಯನ್ನು ಮಾವನೇ ಚಾಕುವಿನಿಂದ ಒಂಬತ್ತು ಪಾಲು ಮಾಡಿದರು. ಚೇಟನ್, ನಿಮ್ಮ ನಾಚಿಕೆ ಸಿದ್ಧಾಂತ ಅರ್ಧ ನಿಜ. ಪಾಲು ಸಣ್ಣದೇ ತಗೊಂಡರು. ಐಸಿಂಗ್ ಹೂವು ಎಲ್ಲಿ ಹೋಯಿತು ಅಂತ ಮಗಳು ಇವತ್ತಿಗೂ ಹುಡುಕುತ್ತಿದ್ದಾಳೆ.

ಅತ್ತೆಯನ್ನು ನಾನು, ನಾದಿನಿ ಸೇರಿ ಮೊದಲ ಪಂಕ್ತಿಯಲ್ಲೇ ಕೂರಿಸಿದೆವು. ಐದು ನಿಮಿಷಕ್ಕೊಮ್ಮೆ ಎದ್ದರು. ಆದರೂ ಬಿಸಿ ಸನ್ನ ತಿಂದರು.

ಊಟ ಆಗಿ ಎರಡು ಗಂಟೆಗೆ ಮಾವನ ಶುಗರ್ 212.

ದುಕ್ರಾಮಾಸ್ ದೊರೆ · ಏಪ್ರಿಲ್ 7, ರಾತ್ರಿ 10:24

ಗೆದ್ದಿರಿ! ನಮ್ಮಲ್ಲೂ ಶನಿವಾರವೇ ಮಾಡಿದೆವು. ಕೊಬ್ಬು ತೆಗೆಯಲಿಲ್ಲ, ಬರೀ ತಟ್ಟಿ ನೋಡಿದೆ.

ಸಿಸ್ಟರ್ ಅಲ್ಲದ ಸಿಸ್ಟರ್ · ಏಪ್ರಿಲ್ 7, ರಾತ್ರಿ 10:40

212 ಕೂಡ ಜಾಸ್ತಿಯೇ. ಕಳೆದ ವರ್ಷಕ್ಕಿಂತ ವಾಸಿ, ಅಷ್ಟೇ. ಈ ವಾರ ಖಾಲಿ ಹೊಟ್ಟೆಯದ್ದೂ ನೋಡಿ ಡಾಕ್ಟರಿಗೆ ತೋರಿಸಿ.

ಕುಲಶೇಖರದ ಸೊಸೆ · ಏಪ್ರಿಲ್ 7, ರಾತ್ರಿ 10:47

ಗೊತ್ತು ಸಿಸ್ಟರ್. ಶನಿವಾರ ಗಂಡನ ಚಿಕ್ಕಪ್ಪನ ಮಗಳ ರೋಸ್ ಇದೆ. ಮಾವ ಈಗಲೇ ಹೊಸ ಶರ್ಟ್ ಇಸ್ತ್ರಿ ಮಾಡಿಸಿದ್ದಾರಂತೆ.